ಕೆರೆ ಏರಿಯ ಮೇಲೆ ಕೂತಿದ್ದವರಿಗೆ

ಸಾದಲಿ
ಶನಿವಾರ, ಮಧ್ಯಾಹ್ನ

ಅತ್ತಮ್ಮನವರಿಗೆ ನಿಮ್ಮ ಸೊಸೆ ಶಿರೀಷಾಳ ನಮಸ್ಕಾರ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ, ರೇಷ್ಮೆ ಹುಳವೂ ಚೆನ್ನಾಗಿದೆ. ಹುಳದ ವಿಚಾರ ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ನೀವು ಉಳಿದದ್ದನ್ನೆಲ್ಲ ಬಿಟ್ಟು ಅದನ್ನೇ ಹುಡುಕುತ್ತೀರಿ. ನಾದಿನಿ ಮೌನಿಕಾ ಹೇಗಿದ್ದಾಳೆ? ಮಗು ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುತ್ತದಂತೆ, ನಿಮ್ಮ ಮಗ ಹೇಳಿದರು. ನೀವೂ ಅದರ ಜೊತೆ ಹಗಲು ಸ್ವಲ್ಪ ಮಲಗಿ. ನಗರಗೆರೆಯಲ್ಲಿ ಬಾಣಂತನ ಮುಗಿಸಿ ನೀವು ಸೊರಗಿ ಬಂದರೆ ಬೈಸಿಕೊಳ್ಳುವವಳು ಮೌನಿಕಾ ಅಲ್ಲ, ನಾನು.

ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ಅಂದುಕೊಳ್ಳಬೇಡಿ. ಫೋನಿನಲ್ಲಿ ಮಾತಾಡಿದರೆ ನಿಮಗೆ ಕಿವಿ ಕೇಳುವುದಿಲ್ಲ ಅಂತ ಸ್ಪೀಕರಿಗೆ ಹಾಕಿಸುತ್ತೀರಿ. ಆಮೇಲೆ ನಾನು ಹೇಳಿದ್ದು ನಗರಗೆರೆಯ ಬೀದಿಗೆಲ್ಲ ಗೊತ್ತಾಗುತ್ತದೆ. ಇದು ಸ್ಪೀಕರಿಗೆ ಹಾಕುವ ವಿಷಯವಲ್ಲ. ಕನ್ನಡಕ ಹಾಕಿಕೊಂಡು ನೀವೊಬ್ಬರೇ ಓದಿ.

ನಾಳೆ ಚಿಕ್ಕಬಳ್ಳಾಪುರದಲ್ಲಿ ಓಟ. ಹತ್ತು ಕಿಲೋಮೀಟರ್. ನಾನು ಹೋಗುತ್ತಿಲ್ಲ.

ತಕ್ಷಣ ಎದ್ದು ಬಸ್ಸು ಹತ್ತಬೇಡಿ, ಪೂರ್ತಿ ಓದಿ.

ಭಾನುಪ್ರಕಾಶ್ ಮೇಷ್ಟ್ರು ನೆನಪಿದ್ದಾರಲ್ಲ, ಶಿಡ್ಲಘಟ್ಟದ ಪಿ.ಟಿ. ಮೇಷ್ಟ್ರು. ಪಂಚಾಯತಿ ನೌಕರರ ಆಟೋಟದಲ್ಲಿ ಚಪ್ಪಲಿ ಹಾಕಿಕೊಂಡೇ ಓಡಿದ ಲೈಬ್ರರಿ ಮೇಡಮ್ಮನನ್ನು, ಅಂದರೆ ನನ್ನನ್ನು ನೋಡಿ, ಶೂ ಹಾಕ್ಕೊಂಡು ಒಂದ್ಸಲ ಓಡಿ ನೋಡಮ್ಮ ಅಂದವರು. ಅವರು ಓಟದ ಹಿಂದಿನ ವಾರಕ್ಕೆ ಹೇಳಿದ್ದು ಇಷ್ಟೇ. ಕಲಿಯುವುದೆಲ್ಲ ಮುಗಿದಿದೆ, ಇನ್ನು ಕಾಲಿಗೆ ವಿಶ್ರಾಂತಿ ಕೊಡು. ಕಡಿಮೆ ಓಡು, ಚೆನ್ನಾಗಿ ತಿನ್ನು, ಚೆನ್ನಾಗಿ ಮಲಗು, ಭಾರ ಎತ್ತಬೇಡ. ನನಗೆ ನಗು ತಡೆಯಲಾಗಲಿಲ್ಲ. ನಾಲ್ಕನೇ ಜ್ವರ ಬಿಟ್ಟು, ಪೊರೆ ಕಳಚಿ ಎದ್ದ ಹುಳ ಮನೆ ತುಂಬ ಇದೆ, ಅದರ ಹಸಿವು ನಿಮಗೆ ಹೇಳಬೇಕೇ? ಮೇಷ್ಟ್ರು ಹೇಳಿದ ಪಥ್ಯವನ್ನು ನಮ್ಮ ಮನೆಯಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿದ್ದದ್ದು ಹುಳಗಳು ಮಾತ್ರ. ಅವಕ್ಕೆ ಸೊಪ್ಪು ಹೊರುತ್ತಿದ್ದವಳು ನಾನು.

ಸೋಮವಾರ ಬೆಳಿಗ್ಗೆ ಕೆರೆ ಏರಿಗೆ ಹೋದೆ. ನೀವಿಲ್ಲದ ಏರಿ ನನಗಿನ್ನೂ ಅಭ್ಯಾಸವಾಗಿಲ್ಲ. ನಿಮ್ಮ ಕೋಲನ್ನು ಮನೆಯಿಂದ ಒಯ್ದು, ನೀವು ಕೂರುತ್ತಿದ್ದ ಕಲ್ಲಿಗೆ ಒರಗಿಸಿ ಓಡಿದೆ. ನಾಯಿಗಳು ಅದನ್ನು ನೋಡಿ ದೂರದಲ್ಲೇ ಕೂತವು. ನೀವು ಊರಲ್ಲಿಲ್ಲ ಅನ್ನುವ ಸುದ್ದಿ ಅವಕ್ಕಿನ್ನೂ ಮುಟ್ಟಿಲ್ಲ. ಕೋಲು ಅಲ್ಲೇ ಇದೆ, ಯಾರೂ ಮುಟ್ಟಿಲ್ಲ.

ಮೊದಲ ದಿನ ನಾನು ಪ್ಯಾಂಟು ಹಾಕಿಕೊಂಡು ಹೊರಟಾಗ ನಿಮ್ಮ ಮುಖ ನೋಡಲು ಹೆದರಿದ್ದೆ. ನೀವು ಶಾಲು ಹೊದ್ದು, ಕೋಲು ಹಿಡಿದು ಹಿಂದೆಯೇ ಬಂದಿರಿ. ಬೋರಿನ ಹತ್ತಿರ ಹೆಂಗಸರು ಏನೋ ಆಡಿಕೊಂಡು ನಕ್ಕರೆ, ಅವಳ ಕಾಲು, ಅವಳು ಓಡ್ತಾಳೆ, ನಿಮಗ್ಯಾಕಮ್ಮ ನೋವು ಅಂದಿರಿ. ಆಮೇಲೆ ದಿನವೂ ಅದೇ. ನಾನು ಕೋಡಿ ದಾಟಿ, ಆಚೆ ಊರಿನ ದಾರಿ ಹಿಡಿದು ವಾಪಸು ಬರುವಷ್ಟರಲ್ಲಿ ಪೂರ್ತಿ ಬೆಳಕಾಗಿರುತ್ತಿತ್ತು. ನೀವು ಕಲ್ಲಿನ ಮೇಲೆ ಕೂತಿರುತ್ತಿದ್ದಿರಿ. ಸೀರೆಯ ಅಂಚು ಮಂಜಿಗೆ ಒದ್ದೆ, ಹಣೆಯಲ್ಲಿ ಬೆವರು. ಓಡಿದ್ದು ನಾನು, ಬೆವರು ನಿಮಗಾ ಅಂತ ನಾನು ರೇಗಿಸಿದರೆ, ನಾಯಿ ಓಡಿಸಿ ಓಡಿಸಿ ಸಾಕಾಯ್ತು ಅನ್ನುತ್ತಿದ್ದಿರಿ. ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗಲೂ ಆ ಕಲ್ಲನ್ನೇ ಬೈಯುತ್ತಿದ್ದಿರಿ. ಇದನ್ನೆಲ್ಲ ಎದುರಿಗೆ ಹೇಳಿದರೆ ನೀವು ಒಳಗೆ ಎದ್ದು ಹೋಗುತ್ತೀರಿ, ಅದಕ್ಕೆ ಕಾಗದದಲ್ಲಿ ಹೇಳುತ್ತಿದ್ದೇನೆ. ನನಗೆ ಈ ಓಟ ಎಷ್ಟು ಇಷ್ಟ ಅಂತ ನಾನು ಯಾರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಕೇಳದೇ ತಿಳಿದುಕೊಂಡವರು ನೀವು.

ಈಗ ನಾನು ಮಾಡಿಟ್ಟ ಎಡವಟ್ಟು ಕೇಳಿ. ಮಂಗಳವಾರ ಮೇಷ್ಟ್ರು ಹೇಳಿದ ಹಾಗೆ ಸ್ವಲ್ಪ ಜೋರಾಗಿ ಓಡಿದೆ. ಏರಿ ಇಳಿಯುವಾಗ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಮನೆಗೆ ಬಂದವಳೇ ನೋವಿಗೆ ಹೊಡೆಯುವ ಆ ಸ್ಪ್ರೇಯನ್ನು ಕಾಲಿಗೆ ಧಾರಾಳವಾಗಿ ಹೊಡೆದುಕೊಂಡೆ. ಘಾಟು ಕಣ್ಣಲ್ಲಿ ನೀರು ಬರಿಸುವಷ್ಟು. ಸೊಪ್ಪು ಹಾಕುವ ಹೊತ್ತಾಗಿತ್ತು, ಹಾಗೇ ಬುಟ್ಟಿ ಎತ್ತಿಕೊಂಡು ಹುಳದ ಮನೆಗೆ ಹೋದೆ. ಊದುಬತ್ತಿ ಹೊಗೆಯನ್ನೂ ಆ ಬಾಗಿಲಿನ ಹತ್ತಿರ ಬಿಡದ ಮನೆ ನಮ್ಮದು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನ್ನ ತಲೆಯ ಮಲ್ಲಿಗೆ ತೆಗೆಸಿ ಒಳಗೆ ಬಿಟ್ಟವರು ನೀವು. ಇಷ್ಟು ವರ್ಷವಾದ ಮೇಲೆ ನಾನು ಹಾಗೆ ಹೋದೆನಲ್ಲ ಅಂತ ಇವತ್ತಿಗೂ ನಂಬಿಕೆಯಾಗುತ್ತಿಲ್ಲ.

ಹುಳ ತಲೆ ಎತ್ತಿ ಸುಮ್ಮನಾದವು. ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ನಿಮ್ಮ ಮಗ ಡೇರಿ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ಮೂಗು ಹಿಡಿದುಕೊಂಡರು. ಬೈಯಲಿಲ್ಲ. ಕಾಲು ತೊಳ್ಕೊಂಡು ಸೀರೆ ಬದಲಾಯಿಸ್ಕೊ ಅಂದು, ಇರುವ ಕಿಟಕಿಯನ್ನೆಲ್ಲ ತೆಗೆದರು. ಈಗಿನ ಚಳಿ ನಿಮಗೆ ಗೊತ್ತು. ಘಾಟು ಹೋಗುವವರೆಗೆ ಕಿಟಕಿ ಮುಚ್ಚುವ ಹಾಗಿರಲಿಲ್ಲ, ಬುಧವಾರದವರೆಗೂ ಹುಳ ಚಳಿಯಲ್ಲೇ ಇತ್ತು. ಪುಣ್ಯಕ್ಕೆ ಒಂದೂ ಸಾಯಲಿಲ್ಲ. ಕೆಂಡ ಇಟ್ಟು ಮನೆ ಬೆಚ್ಚಗೆ ಮಾಡಿದ ಮೇಲೆ ಮತ್ತೆ ಸೊಪ್ಪಿಗೆ ಬಾಯಿ ಹಾಕಿದವು. ಅವತ್ತು ನಾನು ದೇವರಮನೆಗೆ ಹೋಗಿ ಅತ್ತುಬಿಟ್ಟೆ.

ಆದರೆ ಗೂಡು ಕಟ್ಟಲು ಶುಕ್ರವಾರವೇ ಹಣ್ಣಾಗಬೇಕಿದ್ದ ಹುಳ ಹಿಂದೆ ಬಿತ್ತು. ಇವತ್ತು ಅಲ್ಲೊಂದು ಇಲ್ಲೊಂದು ಹಳದಿಗೆ ತಿರುಗಿದೆ. ಮನೆಪೂರ್ತಿ ಹಣ್ಣಾಗುವುದು ನಾಳೆಯೇ, ಅದೂ ಬೆಳಗಿನ ಹೊತ್ತು. ಹಣ್ಣಾದ ಹುಳ ಕಾಯುವುದಿಲ್ಲ. ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಕೊಂಡು ಬೆಳೆಯೇ ಕೆಡುತ್ತದೆ. ಅದು ಇಬ್ಬರ ಕೆಲಸವೂ ಅಲ್ಲ, ಇನ್ನು ಒಬ್ಬರ ಕೈಲಿ ಆಗುತ್ತದೆಯೇ? ಕೂಲಿಗೆ ಸಿಗುವವರೆಲ್ಲ ಆಲೂಗಡ್ಡೆ ಕೀಳಲು ಮಾತಾಗಿದ್ದಾರೆ. ಮುಯ್ಯಾಳು ಕರೆಯೋಣ ಅಂದರೆ, ನಾವು ಯಾರ ಮನೆ ಕೆಲಸಕ್ಕೆ ಹೋಗಿದ್ದೇವೋ ಅವರು ತಾನೇ ನಮ್ಮ ಮನೆಗೆ ಬರುವುದು? ಈ ವರ್ಷ ನಾನು ಯಾರ ಮನೆ ಹುಳಕ್ಕೆ ಕೈ ಹಾಕಿದ್ದೇನೆ? ಬೆಳಗಾದರೆ ಓಟ, ಆಮೇಲೆ ಲೈಬ್ರರಿ. ಕೊಡದೇ ಇದ್ದ ಮುಯ್ಯಿಯನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ? ನಾನು ಕೇಳಲಿಲ್ಲ.

ನಿಮ್ಮ ಮಗ, ನೀನು ಹೋಗು, ನಾನು ಹೇಗೋ ನೋಡ್ಕೋತೀನಿ ಅಂದರು. ನಾನು, ಕಾಲು ನೋವು ಇನ್ನೂ ಇದೆ, ಓಡೋಕಾಗಲ್ಲ ಅಂದೆ. ಕಾಲು ನೋವು ಗುರುವಾರವೇ ಹೋಗಿದೆ. ಇದನ್ನು ಅವರಿಗೆ ಹೇಳಬೇಡಿ. ಅವರಿಗೆ ಬೇಜಾರಾಗುವುದು ಬೇಡ. ನನಗೇನೂ ಅಂಥ ಬೇಜಾರಿಲ್ಲ. ಸ್ವಲ್ಪ ಇದೆ. ಬೆಳಿಗ್ಗೆ ಶೂ ಒರೆಸಿ ಅಟ್ಟದ ಮೇಲೆ ಇಟ್ಟೆ. ಮೇಷ್ಟ್ರಿಗೆ ಫೋನು ಮಾಡಿ ತಿಳಿಸಬೇಕು, ಇನ್ನೂ ಮಾಡಿಲ್ಲ.

ಮುಂದಿನ ವರ್ಷವೂ ಓಟ ಇರುತ್ತದೆ. ಏರಿಯಂತೂ ಎಲ್ಲಿಗೂ ಹೋಗುವುದಿಲ್ಲ, ನೀವೂ ಬರುತ್ತೀರಿ. ಸೊಸೆಯ ಕಾಲು ಕಾಯಲು ಚಳಿಯಲ್ಲಿ ಕೂತ ಅತ್ತೆ ಈ ಸೀಮೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ. ಅದನ್ನು ನೆನೆದರೆ ನನಗೆ ನಾಳೆಯದು ದೊಡ್ಡ ನಷ್ಟ ಅನ್ನಿಸುವುದಿಲ್ಲ. ಮಗುವಿನ ಕೆನ್ನೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡಿ. ಸೊಪ್ಪಿಗೆ ಹೊತ್ತಾಯಿತು, ಏಳುತ್ತೇನೆ.

ನಿಮ್ಮ ಸೊಸೆ,
ಶಿರೀಷಾ

ತಾ.ಕ. ಇದನ್ನು ಸೋಮವಾರ ಬರೆಯುತ್ತಿದ್ದೇನೆ. ಶನಿವಾರದ ಕಾಗದ ಅಂಚೆಗೆ ಹಾಕಲಾಗಲಿಲ್ಲ. ಹರಿದು ಹೊಸದು ಬರೆಯೋಣ ಅಂದುಕೊಂಡೆ, ಆಮೇಲೆ ಹಾಗೇ ಇರಲಿ ಅನ್ನಿಸಿತು. ನಾನು ಎಂಥ ದಡ್ಡಿ ಅಂತ ನಿಮಗೂ ಗೊತ್ತಾಗಲಿ.

ಶನಿವಾರ ಸಂಜೆ ನಿಮ್ಮ ಮಗ ಪಕ್ಕದ ಮನೆ ಅಕ್ಕಯ್ಯಮ್ಮನ ಹತ್ತಿರ ನಾಲ್ಕು ಚಂದ್ರಿಕೆ ಸಾಲ ಕೇಳಲು ಹೋಗಿದ್ದರಂತೆ. ಓಟ ಯಾವಾಗ ಅಂತ ಅವರು ಕೇಳಿದ್ದಾರೆ. ಇವರು, ಕಾಲು ನೋವು ಅಂತಾಳೆ, ಆದ್ರೆ ಬೆಳಿಗ್ಗೆ ಏಣೀನ ಎರಡೆರಡು ಮೆಟ್ಲು ಹತ್ತಿ ಶೂ ಮೇಲಿಟ್ಟಿದ್ದು ನೋಡಿದೀನಿ ಅಂದಿದ್ದಾರೆ. ಹೆಂಡತಿಯ ಸುಳ್ಳು ಹಿಡಿಯುವುದರಲ್ಲಿ ನಿಮ್ಮ ಮಗ ಹಾಲಿನ ನೀರು ಹಿಡಿದಷ್ಟೇ ಚುರುಕು.

ಭಾನುವಾರ ಇನ್ನೂ ಬೆಳಕು ಹರಿದಿರಲಿಲ್ಲ, ಬಾಗಿಲು ಬಡಿದ ಸದ್ದು. ತೆಗೆದರೆ ಅಕ್ಕಯ್ಯಮ್ಮ, ಅವರ ಹಿಂದೆ ನಮ್ಮ ಬೀದಿಯ ಹೆಂಗಸರು ಶಾಲು ಹೊದ್ದು ನಿಂತಿದ್ದಾರೆ, ಕೈಯಲ್ಲಿ ತಟ್ಟೆ. ಹುಳ ಆರಿಸೋಕೆ ಬಂದಿದೀವಿ, ನೀನು ಹೊರಡು ಅಂದರು. ನಾನು, ನಿಮ್ಮ ಯಾರ ಮನೆಗೂ ನಾನು ಬಂದಿಲ್ಲವಲ್ಲ ಅಂದೆ. ನಿಮ್ಮತ್ತೆ ಮುಯ್ಯಿ ಇದೆ, ಬಂದ್ಮೇಲೆ ಕೇಳ್ಕೊ, ಪೋಮ್ಮಾ ಪೋ ಅಂದರು. ರೇಗಿದರೆ ಅವರಿಗೆ ತೆಲುಗೇ ಬರುವುದು. ಗಂಡಸರ ಕೆಲಸವೂ ಇಲ್ಲಿಲ್ಲ, ನೀನೇ ಕರ್ಕೊಂಡೋಗಪ್ಪ ಅಂತ ನಿಮ್ಮ ಮಗನನ್ನೂ ಹೊರಗೆ ಹಾಕಿದರು. ನಾನು ಅಟ್ಟದಿಂದ ಶೂ ಇಳಿಸಿದೆ.

ಓಡಿದೆ, ಅತ್ತಮ್ಮ. ಪೂರ್ತಿ ಓಡಿದೆ. ಯಾವ ಸ್ಥಾನವೂ ಬರಲಿಲ್ಲ. ಕಾಲೇಜು ಹುಡುಗಿಯರೆಲ್ಲ ನನ್ನನ್ನು ದಾಟಿ ಹೋದರು, ಕೊನೆಯ ಹೊತ್ತಿಗೆ ಅವರಲ್ಲಿ ಕೆಲವರು ನಡೆಯುತ್ತಿದ್ದರು, ನಾನು ನಡೆಯಲಿಲ್ಲ. ದಾರಿಯಲ್ಲಿ ಒಂದು ಕಡೆ ಯಾರೋ ಅಜ್ಜಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಅಲ್ಲಿಂದ ಮುಂದೆ ಸ್ವಲ್ಪ ದೂರ ನನಗೆ ಕಣ್ಣು ಸರಿಯಾಗಿ ಕಾಣಲಿಲ್ಲ. ಮುಗಿಸಿದವರಿಗೆಲ್ಲ ಕೊಡುವ ಪದಕ ನನಗೂ ಕೊಟ್ಟರು. ನಿಮ್ಮ ಮಗ ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡೇ ಬೈಕು ಓಡಿಸಿದರು.

ನಾವು ಬರುವಷ್ಟರಲ್ಲಿ ಹುಳವೆಲ್ಲ ಚಂದ್ರಿಕೆ ಏರಿತ್ತು, ಹೆಂಗಸರು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಆಗ ಅಕ್ಕಯ್ಯಮ್ಮ ಹೇಳಿದರು. ನಾನು ಕೋಡಿ ದಾಟಿ ಮರೆಯಾದ ಕೂಡಲೇ ನೀವು ಏರಿ ಇಳಿದು ಕೆಳಗಿನ ತೋಟಗಳಿಗೆ ಹೋಗುತ್ತಿದ್ದಿರಂತೆ. ಒಂದು ದಿನ ಇವರದ್ದು, ಒಂದು ದಿನ ಅವರದ್ದು. ಮಂಜಿನಲ್ಲಿ ನಿಂತು ಸೊಪ್ಪು ಕೊಯ್ದು ಹೊರೆ ಕಟ್ಟಿಟ್ಟು, ನಾನು ಬರುವ ಹೊತ್ತಿಗೆ ಮತ್ತೆ ಏರಿ ಹತ್ತಿ ಕಲ್ಲಿನ ಮೇಲೆ ಕೂರುತ್ತಿದ್ದಿರಂತೆ. ಓಟದ ಭಾನುವಾರ ನಮ್ಮನೆಯಲ್ಲಿ ಹುಳ ಇದ್ರೂ ಇರಬಹುದು, ಅವತ್ತು ಅವಳನ್ನ ಹೊರಡಿಸಿಬಿಡಿ, ಅವಳಿಗೆ ಮಾತ್ರ ಹೇಳಬೇಡಿ, ಗೊತ್ತಾದ್ರೆ ಓಡೋದು ಬಿಟ್ಟು ನನ್ನ ಹಿಂದೆ ಸೊಪ್ಪು ಕೊಯ್ಯೋಕೆ ಬರ್ತಾಳೆ ಅಂದಿದ್ದಿರಂತೆ. ಆ ಮೊಣಕಾಲಿಟ್ಟುಕೊಂಡು, ಅತ್ತಮ್ಮ.

ನಿಮ್ಮ ಮೇಲೆ ಸಿಟ್ಟು ಮಾಡಬೇಕು ಅಂತ ನಿನ್ನೆಯಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ. ಮುಂದಿನ ತಿಂಗಳು ಅಕ್ಕಯ್ಯಮ್ಮನ ಮನೆಯಲ್ಲಿ ಹುಳ ಹಣ್ಣಾಗುತ್ತದೆ. ಮುಯ್ಯಿ ತೀರಿತು, ನೀನು ಬರೋದೇನೂ ಬೇಡ ಅಂದರು. ನಾನು ಹೋಗುತ್ತೇನೆ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಶಾಲು ಹೊದ್ದು ಬೆಳಿಗ್ಗೆ ಏರಿಗೆ ಬನ್ನಿ, ಕೋಲು ಆ ಕಲ್ಲಿನ ಹತ್ತಿರವೇ ಇದೆ. ಈ ಸಲ ನಿಜವಾಗಿಯೂ ಕೂತಿರಿ. ಓಡಿ ಬಂದ ಮೇಲೆ ನಾನು ನಿಮ್ಮ ಸೀರೆಯ ಅಂಚು ಮುಟ್ಟಿ ನೋಡುತ್ತೇನೆ.