ತಿಳಿ ಔಷಧದ ಬಾಟಲಿ

೯ ಜನವರಿ ೧೯೩೯, ಮುಂಜಾನೆ

ನಾನು ಸಂಗವ್ವ. ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರದ ಈ ಮನೆಗೆ ಯಜಮಾನಿ. ಧಾರವಾಡದಲ್ಲಿ ಇಂಗ್ಲಿಷ್ ಐದನೆಯ ಇಯತ್ತೆಯವರೆಗೆ ಓದಿದವಳು. ಯಜಮಾನರು ಹೋದ ಮೇಲೆ ಬೀಗದ ಕೈ ನನ್ನ ಸೊಂಟ ಬಿಟ್ಟಿಲ್ಲ. ಮಗ ಮಡಿವಾಳಪ್ಪನ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚುವವಳೂ ನಾನೇ. ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ಚುಚ್ಚಿದ ಕೂಡಲೇ ಲಿಂಗಪೂಜೆಗೆ ಕೂಡುತ್ತಾನೆ. ಪೂಜೆ ಮುಗಿಯುವಷ್ಟರಲ್ಲಿ ಔಷಧ ಮೈಗೆ ಹತ್ತಿರುತ್ತದೆ, ಊಟದ ತಾಟೂ ಬಂದಿರುತ್ತದೆ. ಈ ಏರ್ಪಾಡು ಡಾಕ್ಟರರದಲ್ಲ, ನನ್ನದು. ಅಂಗಡಿಯಲ್ಲಿ ಎಷ್ಟೇ ಕೆಲಸವಿರಲಿ, ಮಧ್ಯಾಹ್ನದ ಸೂಜಿಗೆ ಮನೆಗೆ ಬರಲೇಬೇಕು.

೨ ಫೆಬ್ರುವರಿ

ತ್ರ್ಯಂಬಕ ಡಾಕ್ಟರರು ಮುಂಬೈಯಿಂದ ಹೊಸ ಬಗೆಯ ಇನ್ಸುಲಿನ್ ತರಿಸಿದ್ದಾರೆ. ನಿಧಾನ ಕರಗುತ್ತದಂತೆ. ಮುಂಜಾನೆ ಒಮ್ಮೆ ಚುಚ್ಚಿದರೆ ಮರುದಿನದವರೆಗೆ ಸಾಕಂತೆ. ಬಾಟಲಿ ನೋಡಿದೆ — ಹಾಲು ಹನಿಸಿದ ಹಾಗೆ ಬಿಳಿ, ತಳದಲ್ಲಿ ಪುಡಿ. ನಮ್ಮದು ನೀರಿನಂತೆ ತಿಳಿ. ಮಬ್ಬಾದರೆ ಚೆಲ್ಲಬೇಕು.

“ಕೆಟ್ಟೈತಿ ಇದು,” ಅಂದೆ.

ಸೊಸೆ ಬಾಳವ್ವ ನಕ್ಕಳು. “ಇದು ಇರೂದ ಹಿಂಗರಿ ಅತ್ತಿ. ಅಂಗೈಯಾಗ ಮೆಲ್ಲಕ ಹೊಳ್ಳಸಬೇಕ್ರಿ. ಡಾಕ್ಟರ ನನಗ ತೋರಿಸ್ಯಾರ್ರಿ.”

ಅವಳಿಗೆ! ನನಗಲ್ಲ.

“ನಿನ್ನಿ ಮೊನ್ನಿ ಬಂದಾಕಿ, ನನಗ ಕಲಸ್ತಿ?”

ಮಗ ನಡುವೆ ಬಂದ. “ಅವ್ವಾ, ಬಾಳವ್ವ ಮಾಡ್ಲಿ ಬಿಡು. ಆಕಿ ಕೈ ಹಗರ ಐತಿ.”

ಅವಳ ಕೈ ಹಗುರ. ನನ್ನದೇನು, ಒನಕೆಯೇ?

೨೬ ಫೆಬ್ರುವರಿ

ಮಗ ಈಗ ಮಧ್ಯಾಹ್ನ ಮನೆಗೆ ಬರುವುದಿಲ್ಲ. ಬುತ್ತಿ ಕಟ್ಟಿಕೊಂಡು ಗದಗಿನ ಪೇಟೆಗೆ ಹೋಗುತ್ತಾನೆ. ಬುತ್ತಿಯೂ ಅವಳದೇ.

ಮುಂಜಾನೆ ಬಾಗಿಲ ಸಂದಿಯಿಂದ ನೋಡಿದೆ. ಬಾಟಲಿ ಅಂಗೈಯಲ್ಲಿ ಹೊರಳಿಸುತ್ತ ಏನೋ ಅಂದಳು. ನಕ್ಕ. ನಾನು ಚುಚ್ಚುವಾಗ ಎಂದೂ ನಕ್ಕವನಲ್ಲ.

ಅವನ ಮೂತ್ರ ನಾನೇ ನೀಲಿ ಔಷಧದಲ್ಲಿ ಕಾಯಿಸಿ ನೋಡಿದೆ. ಸಕ್ಕರೆ ಇದ್ದರೆ ಇಟ್ಟಂಗಿ ಬಣ್ಣ ಬರಬೇಕು. ಬರಲಿ ಅಂತ ಕಾದೆ... ನೀಲಿಯೇ ಉಳಿಯಿತು. ಸಂತೋಷಪಡಬೇಕಿತ್ತು.

೧೪ ಮಾರ್ಚ್

ಮಡಿವಾಳಪ್ಪನ ಕಾಲಿಗೆ ಕುರು. ಜ್ವರ. ಮೂತ್ರ ಕಾಯಿಸಿದರೆ ಇಟ್ಟಂಗಿ ಕೆಂಪೇ.

ಡಾಕ್ಟರರು ಬಂದರು. “ಹಾಲಿನಂಥಾದ್ದು ಈಗ ನಡಿಯೂದಿಲ್ಲ, ಭಾಳ ಸಾವಕಾಶ. ತಿಳೀದು ಲಗೂ ಹತ್ತತದ, ಅದೇ ಬೇಕು. ಸಂಗವ್ವನವರ, ನೀವೇ ಚುಚ್ಚರಿ.”

ಬಾಳವ್ವ ಸೂಜಿಯ ಡಬ್ಬಿ ತಂದು ಮುಂದಿಟ್ಟಳು. ಕಣ್ಣಲ್ಲಿ ನೀರು. “ಇದರದು ನನಗ ತಿಳಿಯೂದಿಲ್ರಿ ಅತ್ತಿ. ಹೆಂಗಾರ ಮಾಡಿ ಉಳಿಸ್ರಿ.”

ಹೌದು, ತಿಳಿಯುವುದಿಲ್ಲ. ಸೂಜಿ ನಾನೇ ಕುದಿಸಿದೆ.

೨೩ ಮಾರ್ಚ್

ಜ್ವರ ಇಳಿದಿದೆ. ಕುರು ಒಣಗಿದೆ. ಹೊರಡುವಾಗ ಡಾಕ್ಟರರು ಅಂಗಳದಲ್ಲಿ ನನಗೊಬ್ಬಳಿಗೇ ಹೇಳಿದರು — ನಾಳೆಯಿಂದ ಮತ್ತೆ ಹಾಲಿನಂಥದ್ದು.

ತಲೆಯಾಡಿಸಿದೆ. ಒಳಗೆ ಬಂದು ಯಾರಿಗೂ ಹೇಳಲಿಲ್ಲ.

೨೮ ಮಾರ್ಚ್

ತಿಳಿ ಔಷಧವೇ ನಡೆದಿದೆ. ಮೂರು ಸಲ. ತೊಡೆ ಗಂಟುಗಟ್ಟಿದೆ. ಇವತ್ತು ಚುಚ್ಚಲು ಕುಳಿತರೆ ಮುಖ ಗೋಡೆಗೆ ತಿರುಗಿಸಿದ.

“ಇನ್ನಾ ಎಷ್ಟ ದಿನಾ ಅವ್ವಾ? ಗದಗಿನ ಮಾಲು ಹ್ವಾದಂಗ ಆತು.”

“ಡಾಕ್ಟರ ಹೇಳೂ ತನಾ.”

ಊಟವಾದ ಮೇಲೆ ಬಾಳವ್ವ ಬಿಸಿನೀರಿನ ಬಟ್ಟೆ ತಂದು ಗಂಟಿನ ಮೇಲಿಟ್ಟಳು. ನಾನು ಚುಚ್ಚಿದ ಜಾಗದ ಮೇಲೆ ಅವಳ ಕೈ. ಆ ಕೈ ಹಿಡಿದುಕೊಂಡೇ ನಿದ್ದೆಹೋದ. ಮೂರು ಸಲ ಚುಚ್ಚಿದರೂ ನನ್ನ ಕಡೆ ತಿರುಗುವುದು ತೊಡೆಯಷ್ಟೇ.

೨೯ ಮಾರ್ಚ್, ಮುಂಜಾನೆ

ಬಾಳವ್ವನನ್ನು ಕರೆದೆ. ಡಬ್ಬಿ ಕೈಗಿಟ್ಟೆ.

“ಇವತ್ತಿಂದ ನಿನ್ನ ಹಾಲಿನ ಔಷಧ. ಡಾಕ್ಟರ ಹೇಳ್ಯಾರ.”

“ಯಾವಾಗ ಹೇಳಿದ್ರಿ ಅತ್ತಿ?”

“ಹೇಳ್ಯಾರ ಅಂದೆ.”

ಕಾಲಿಗೆ ಬಿದ್ದಳು. ಬೀಳಲಿ.

ತಿಳಿ ಔಷಧದ ಬಾಟಲಿ ಮಾತ್ರ ಕೊಡಲಿಲ್ಲ. ತಂಪಿರಲೆಂದು ಒದ್ದೆ ಬಟ್ಟೆ ಸುತ್ತಿ, ಕುಡಿಕೆಯಲ್ಲಿಟ್ಟು, ನನ್ನ ಕೋಣೆಯ ಗೋಡೆ ಕಪಾಟಿಗೆ ಬೀಗ ಹಾಕಿದ್ದೇನೆ. ಇನ್ನೊಮ್ಮೆ ಜ್ವರ ಬಂದರೆ ಅವಳು ಬರಬೇಕಾದದ್ದು ಇಲ್ಲಿಗೇ.

ಪಡಸಾಲೆಯಲ್ಲಿ ಅವನು ನಗುತ್ತಿದ್ದಾನೆ. ಇಲ್ಲಿಯವರೆಗೂ ಕೇಳುತ್ತದೆ. ಬೀಗದ ಕೈ ನನ್ನ ಸೊಂಟದಲ್ಲೇ —