ಬರ್ಫದಾಗ ಒಬ್ಬಾಕಿ

ಲೊಫೋಟೆನ್ ದ್ವೀಪ, ನಾರ್ವೆ
ತಾ. 6 ಫೆಬ್ರುವರಿ 2025

ಪ್ರೀತಿಯ ಮಂಗಲಾ,

ಜೈ ಜಿನೇಂದ್ರ. ನೀನು, ನಿಮ್ಮ ಯಜಮಾನರು, ಹುಡುಗೂರು ಎಲ್ಲಾರೂ ಆರಾಮ ಅದೀರಿ ಅನಕೊಂಡೇನಿ. ನಾನೂ ಆರಾಮ. ಥಂಡಿಗೆ ಮೂಗಿನ ಸಿಪ್ಪಿ ಏಳಾಕತ್ತೈತಿ, ಅಷ್ಟ. ಗಡಹಿಂಗ್ಲಜಕ್ಕ ಬಂದು ನಿನಗ ಹೇಳಿ ಹೋಗತೇನಿ ಅಂದಾಕಿ, ಹೇಳದ ವಿಮಾನ ಹತ್ತಿಬಿಟ್ಟೆ. ನಿನ್ನ ಫೋನೂ ಎತ್ತಲಿಲ್ಲ. ಸಿಟ್ಟಾಗೂದಿದ್ರ ಆಗು, ಆದ್ರ ಪತ್ರ ಪೂರಾ ಓದಿ ಆಗು. ಫೋನಿನ್ಯಾಗ ನೀ ‘ಹೆಂಗದಿ ನೂತನ’ ಅಂದ್ರ ನಾ ‘ಆರಾಮ’ ಅಂದು ಮುಗಸತಿದ್ದೆ. ಅಕಿವಾಟದ ಸಾಲ್ಯಾಗ ಇಬ್ಬರೂ ಒಂದ ಪಾಟಿ ಮ್ಯಾಲೆ ಕಲ್ತ ಅಕ್ಷರ ಇವು. ಇವುಗಳನ್ನ ಬರಕೋತ ಕುಂತ್ರ ನಿನಗ ಸುಳ್ಳು ಹೇಳಾಕ ಕೈ ಬರೂದಿಲ್ಲ.

ನಾ ಕುಂತಿದ್ದು ಸಮುದ್ರದ ದಂಡ್ಯಾಗಿನ ಒಂದು ಕೆಂಪು ಕಟ್ಟಿಗಿ ಮನ್ಯಾಗ. ಮೊದಲ ಇದರಾಗ ಮೀನ ಹಿಡಿಯೋರು ಇರತಿದ್ದರಂತ, ಈಗ ನಮ್ಮಂಥಾ ಪ್ರವಾಸಿಗಳಿಗೆ ಬಾಡಿಗಿ ಕೊಡತಾರ. ಹಿಂದ ಗುಡ್ಡ, ಮುಂದ ನೀರು, ಮಾರಿ ತಿರುವಿದಲ್ಲೆಲ್ಲಾ ಬರ್ಫ. ಊರ ಹೊರಗ ಮೀನ ಒಣಗಸಾಕ ದೊಡ್ಡ ದೊಡ್ಡ ಹಂದರ ಹಾಕ್ಯಾರ. ಅದರ ಬಾಜೂದಿಂದ ಹೋಗೂಮುಂದ ಮೂಗಿಗೆ ಮಫ್ಲರ ಹಿಡಕೊಂಡು ಗಾಡಿ ಹೊಡೀತೇನಿ, ನೀ ನೋಡಿದ್ರ ಬಿದ್ದು ಬಿದ್ದು ನಗತಿದ್ದಿ. ಸೂರ್ಯ ಮುಂಜಾನೆ ಭಾಳ ತಡಾ ಮಾಡಿ ಬಂದು, ಗುಡ್ಡದ ಮ್ಯಾಲಿಂದ ಒಂದೀಟ ಇಣಿಕಿ, ಸಂಜಿ ಚಹಾಕ್ಕೂ ನಿಲ್ಲದ ಹೋಗಿಬಿಡತಾನ. ಹೊತ್ತ ಮುಳುಗೂದರಾಗ ಉಣ್ಣೂ ನಮ್ಮಂಥಾವರಿಗೆ ಇದು ದೇಶನ ಅಲ್ಲ.

ಗಾಡಿ ನಾನ ಹೊಡೀತೇನಿ. ಇಚಲಕರಂಜ್ಯಾಗ ನೂಲು ತುಂಬಿದ ಟೆಂಪೋಗಳ ನಡುವ ನಮ್ಮ ಫೋಟೋ ಸ್ಟುಡಿಯೋದ ವ್ಯಾನ ನುಗ್ಗಿಸಿದಾಕಿ ಅಂತ ಧೈರ್ಯ ಇತ್ತು. ಇಲ್ಲೆ ಸ್ಟೇರಿಂಗ ಎಡಕ್ಕ, ಹೋಗೂದು ಬಲಕ್ಕ. ತಿರುವಿನ ದಿವಾ ಹಾಕಾಕ ಹೋಗಿ ವೈಪರ ಹಾಕತೇನಿ. ಟಾಯರಿಗೆ ಸಣ್ಣ ಸಣ್ಣ ಕಬ್ಬಿಣದ ಮೊಳಿ ಬಡದಾರ, ಬರ್ಫದ ಮ್ಯಾಲೆ ಕರಕರ ಅಂತಾವ. ಬಾಜೂ ಸೀಟಿನ ಮ್ಯಾಲೆ ಕ್ಯಾಮೆರಾ ಬ್ಯಾಗ ಇಟ್ಟೇನಿ. ಅಲ್ಲೆ ಯಾರೋ ಕುಂತಾರಂತ ತಿಳಕೊಂಡು, ಬೆಲ್ಟ ಹಾಕೂ ತನಕಾ ಗಾಡಿ ಒದರತಿರತೈತಿ. ಹಿಂಗಾಗಿ ದಿನಾ ಮುಂಜಾನೆ ಬ್ಯಾಗಿಗೆ ಬೆಲ್ಟ ಕಟ್ಟಿ ಹೊಂಡತೇನಿ.

ಫೋಟೋದ ಮಾತ ಕೇಳತಿ ಅಂತ ಗೊತ್ತು. ಕ್ಯಾಮೆರಾಕ ಬರ್ಫ ತಿಳಿಯೂದಿಲ್ಲ ಮಂಗಲಾ. ಇಷ್ಟ ಬೆಳಕು ಇರಾಕ ಸಾಧ್ಯ ಇಲ್ಲ ಅಂತ ಅದಕ್ಕ ಅನಸಿ, ಎಲ್ಲಾ ಬೂದಿ ಬಣ್ಣ ಮಾಡಿ ಕೊಡತೈತಿ. ನಾವ ಬೆಳಕ ಹೆಚ್ಚ ಮಾಡಿ, ಇದು ಖರೇನ ಬೆಳ್ಳಗ ಐತಿ ಅಂತ ಅದಕ್ಕ ಒಪ್ಪಸಬೇಕು. ಥಂಡಿಗೆ ಬ್ಯಾಟರಿ ನೋಡನೋಡತ ಸತ್ತ ಹೋಗತಾವ, ಅದಕ್ಕ ಸ್ವೆಟರಿನ ಒಳಗ, ಎದಿಗೆ ಹಚ್ಚಿ ಇಟ್ಟುಕೊಂಡಿರತೇನಿ. ಮದುವಿ, ಮುಂಜಿವಿ, ಸೀಮಂತ ಅಂತ ಇಷ್ಟ ವರ್ಷ ಬರೇ ಮಂದಿ ಮಾರಿ ತಗದಾಕಿ ನಾ. ಇಲ್ಲೆ ಒಂದು ಬೋಳು ಗಿಡದ ಮುಂದ ಕ್ಯಾಮೆರಾ ಹಚ್ಚಿ ನಿಂತಾಗ ರೂಢಿ ಬಲದಿಂದ ‘ಇಕಡೆ ಬಘಾ’, ಇತ್ತ ನೋಡ್ರಿ, ಅಂದುಬಿಟ್ಟೆ. ನನ್ನ ದನಿ ನನಗ ಕೇಳಿ ಗಾಬರಿ ಆತು. ಆವತ್ತ ಪೂರಾ ದಿನದಾಗ ನಾ ಆಡಿದ್ದು ಅದೊಂದ ಮಾತು.

ಈ ಪ್ರವಾಸ ನನ್ನ ಹುಚ್ಚಲ್ಲ, ನಿನಗೂ ಗೊತ್ತೈತಿ. ಇದು ಇವರ ಆಸೆ. ನೋಡು, ‘ಇವರು’ ಅಂತನ ಬರದೆ. ಈಗ ಹಂಗ ಅನಬಾರದು. ಈಗ ಅವರು ಜೈನ ಮುನಿ, ಎಲ್ಲಾರಿಗೂ ‘ಮಹಾರಾಜ’. ದೀಕ್ಷಾದಾಗ ಇಟ್ಟ ಹೊಸಾ ಹೆಸರು ನನ್ನ ಬಾಯಾಗ ಹೊಳ್ಳವಲ್ದು, ಹಳೇ ಹೆಸರು ಲಗ್ನ ಆದಾಗಿಂದ ನಾ ಹಿಡಿದಾಕಿನ ಅಲ್ಲ. ಹಂಗಾರ ನಾ ಏನಂತ ಬರೀಲಿ, ಹೇಳು?

ಸ್ಟುಡಿಯೋ ಬಾಗಲಾ ಮುಚ್ಚಿದ ಮ್ಯಾಲೆ ಇಬ್ಬರೂ ಕುಂತು ಈ ದೇಶದ ಚಿತ್ರ ನೋಡತಿದ್ದಿವಿ. “ಮಂದಿ ಇಲ್ಲದ, ಶೃಂಗಾರ ಇಲ್ಲದ ಒಂದು ಜಾಗಾ ತಗೀಬೇಕು ನೂತನ. ಬರೇ ಬೆಳ್ಳಗ,” ಅಂತಿದ್ದರು. ಹಂಗ ಅನಕೋತ ಅನಕೋತ ಕಡೀಕ ಇಬ್ಬರದೂ ವೀಸಾ ಬಂತು. ಆ ಪಾಸ್‌ಪೋರ್ಟ ತಗೊಂಡು ನಾ ಕುಣಕೋತ ಸ್ಟುಡಿಯೋಕ್ಕ ಹೋದೆ. ಲೆನ್ಸ ಒರಸಾಕತ್ತಿದ್ದರು. ತಲಿ ಎತ್ತಲಿಲ್ಲ.

“ನೂತನ, ನಾ ದೀಕ್ಷಾ ತಗೋಬೇಕಂತ ಮಾಡೇನಿ,” ಅಂದ್ರು.

ನಾ ಅದನ್ನ ಮುಪ್ಪಿನ ಮಾತಂತ ತಿಳಕೊಂಡು, “ನಾರ್ವೆಕ್ಕ ಹೋಗಿ ಬಂದ ಮ್ಯಾಲೆ ನೋಡೂಣ ಬಿಡ್ರಿ,” ಅಂದೆ.

“ಇಲ್ಲ. ಅದೆಲ್ಲಾ ಮುಗೀತು,” ಅಂದ್ರು.

ಸಿಟ್ಟ ಮಾಡದ ಮನಿಷಾ, ಚಟ ಇಲ್ಲದ ಮನಿಷಾ. ನಮಗ ಮಕ್ಕಳಾಗಲಿಲ್ಲ, ಅದಕ್ಕೂ ಒಂದ ದಿನ ನನಗ ಒಂದ ಮಾತ ಅಂದವರಲ್ಲ. ಗಂಡ ಕೆಟ್ಟಾಂವ ಇದ್ರ ನಿನ್ನ ಮುಂದರೆ ದೂರು ಹೇಳಬಹುದಿತ್ತು. ಊರೆಲ್ಲಾ ಕೈ ಮುಗಿಯೂ ದಾರಿಗೆ ಹೋದವರ ಮ್ಯಾಲೆ ಯಾರ ಹಂತ್ಯಾಕ ಹೋಗಿ ದೂರು ಹೇಳಲಿ? ದೀಪಾವಳಿ ಆದ ಮ್ಯಾಲೆ ದೀಕ್ಷಾ ಆತು. ಹಿರೀ ಮುನಿಗಳು ಸಭಾದಾಗ ನನ್ನ ಕಡೆ ನೋಡಿ, “ಅವ್ವಾ, ನಿನ್ನ ಒಪ್ಪಿಗಿ ಐತೇನು?” ಅಂದ್ರು. ಮೈಕ ನನ್ನ ಬಾಯಿ ಮುಂದ ಬಂತು. ಮಂಟಪ ತುಂಬ ಮಂದಿ ಉಸಿರ ಹಿಡದು ಕುಂತಿತ್ತು. “ಐತ್ರಿ,” ಅಂದೆ. ಜಯಜಯಕಾರದಾಗ ನನ್ನ ದನಿ ಮುಳುಗಿ ಹೋತು.

ಆಮ್ಯಾಲಿಂದು ನೀ ನೋಡೇ ನೋಡಿದಿ. ಕೊಲ್ಹಾಪುರದಾಗ ನನಗ ಶಾಲು ಹೊದಿಸಿ ಸತ್ಕಾರ ಮಾಡಿದ್ರು. ‘ಪುಣ್ಯವಂತಿ, ಪುಣ್ಯವಂತಿ’ ಅಂತ ನನಗಿಂತ ಹಿರೇರು ನನ್ನ ಕಾಲ ಮುಟ್ಟಿದ್ರು. ಆದ್ರ ಓಣ್ಯಾಗಿನವರಿಗೆ ನನ್ನ ಅರಿಶಿಣ ಕುಂಕುಮಕ್ಕ ಕರೀಬೇಕೋ ಬಿಡಬೇಕೋ ತಿಳಿಯವಲ್ದು. ಗಂಡ ತೀರಿಕೊಂಡಿಲ್ಲ, ಜಗಳಾಡಿ ಬಿಟ್ಟೂ ಹೋಗಿಲ್ಲ. ಕೊರಳಾಗಿನ ಕರಿಮಣಿ ಇಟ್ಟುಕೋಬೇಕೋ ತಗೀಬೇಕೋ ಅಂತ ನಾನ ದಿನಾ ಕನ್ನಡಿ ಮುಂದ ಕೇಳಿಕೊಳ್ಳತಿದ್ದೆ. ಒಮ್ಮೆ ಅವರ ದರ್ಶನಕ್ಕ ಹೋಗಿದ್ದೆ. ಎಲ್ಲಾರ ಸಂಗಾಟ ಸಾಲಿನ್ಯಾಗ ದೂರ ನಿಂತು ‘ನಮೋಸ್ತು’ ಅಂದೆ. ಎಲ್ಲಾರಿಗೆ ಎತ್ತಿದಂಗ ನನಗೂ ಕೈ ಎತ್ತಿದ್ರು. ಅದು ತಪ್ಪಲ್ಲ. ಅವರ ದಾರಿಯಾಗ ಅದ ಖರೇ. ನಾ ಬಸ್ ಹತ್ತಿ ಮನಿಗೆ ಬಂದೆ, ಇಬ್ಬರಿಗಾಗೂವಷ್ಟ ಅನ್ನಕ್ಕಿಟ್ಟೆ.

ಇಷ್ಟರಾಗ ಇವರ ಅಣ್ಣ, ನಮ್ಮ ಬಾವಾರು ಕಾಕಾಸಾಹೇಬರು, ಅತ್ತಿಮನಿ ಊರು ಸುಳಕೂಡದಿಂದ ಬಂದ್ರು. “ನೂತನ, ಮುಂದಿನ ತಿಂಗಳಾ ಸುಳಕೂಡದಾಗ ಪೂಜಾ ಐತಿ. ಅಲ್ಲೆ ನೀನೂ ವ್ರತ ತಗೊಂಡು ಬಿಳೀ ಸೀರಿ ಉಡು. ಆಶ್ರಮದಾಗ ಇರಾಕ ವ್ಯವಸ್ಥಾ ಮಾಡೇನಿ. ಸ್ಟುಡಿಯೋ ಮುಚ್ಚಿಬಿಡೂಣ. ಒಂಟಿ ಹೆಣಮಗಳು, ಇನ್ನ ಮದುವಿ ಮನಿ ತಿರುಗೂದು ಶೋಭಾ ಅಲ್ಲ,” ಅಂದ್ರು. ಕೆಟ್ಟ ಮನಸ್ಸಿನಿಂದ ಅಂದಿಲ್ಲ. ನನ್ನ ಸಂಕಟಕ್ಕ ಒಂದು ದಾರಿ ತೋರಿಸಿದೆ ಅಂತನ ಅವರ ತಿಳವಳಿಕಿ. ನಾ ‘ವಿಚಾರ ಮಾಡತೇನ್ರಿ’ ಅಂದೆ. ಅವರು ‘ಹೂಂ’ ಅಂತ ತಿಳಕೊಂಡ್ರು. ನನ್ನ ವೀಸಾದ ಮುದ್ದತು ಮುಗಿಯಾಕ ಬಂದಿತ್ತು. ಅದಕ್ಕ ಓಡಿ ಬಂದೆ ಮಂಗಲಾ. ಫೋಟೋ ತಗಿಯಾಕ ಬಂದೆ ಅಂತ ಹೇಳತೇನಿ, ಖರೇ ಅಂದ್ರ ಓಡಿ ಬಂದೆ.

ಈಗ ಮೊನ್ನಿನ ಸುದ್ದಿ ಹೇಳತೇನಿ, ಗಾಬರಿ ಆಗಬ್ಯಾಡ. ಒಂದು ಕೆರಿ ಪೂರಾ ಗಡ್ಡಿ ಕಟ್ಟಿತ್ತು. ಅದರ ಮ್ಯಾಲೆ ನೀಲಿ ಬೆಳಕು ಬಿದ್ದದ್ದನ್ನ ನೋಡಕೋತ ಗಾಡಿ ಹೊಡದೆ. ತಿರುವಿನ್ಯಾಗ ಗಾಡಿ ಜಾರಿತು. ಬ್ರೇಕ ಒತ್ತಿದ್ರ ಗಾಡಿ ನನ್ನ ಮಾತ ಕೇಳವಲ್ದು. ಸಾವಕಾಶ, ಯಾರೋ ಕೈ ಹಿಡದು ಕರಕೊಂಡು ಹೋದಂಗ, ಅಡ್ಡ ಜಾರಿ ರಸ್ತೆ ಬಾಜೂ ಬರ್ಫದಾಗ ಮೂಗ ಹುಗದು ನಿಂತಿತು. ಪೆಟ್ಟಾಗಲಿಲ್ಲ. ಫೋನಿಗೆ ರೇಂಜ ಇಲ್ಲ, ಒಂದು ಗಾಡಿ ಸುಳಿವಿಲ್ಲ. ಕೆಳಗಿಳದು ಕೈಲೆ ಬರ್ಫ ತೋಡಿದೆ, ಬೆರಳು ಸೆಟದವು. ಹೊಳ್ಳಿ ಒಳಗ ಕುಂತೆ. ಇಲ್ಲೆ ನನಗೇನರೆ ಆದ್ರ ಯಾರಿಗೆ ಮೊದಲ ತಿಳಸತಾರ ಅಂತ ವಿಚಾರ ಬಂತು. ಹೊಂಡೂಮುಂದ ತುಂಬಿದ ಫಾರ್ಮಿನ್ಯಾಗ ಗಂಡನ ಹೆಸರಿನ ಜಾಗಾದಾಗ ಯಾರ ಹೆಸರೂ ಬರದಿದ್ದಿಲ್ಲ. ಹೆದರಿಕಿ ಬಂದದ್ದು ಥಂಡಿಗಲ್ಲ, ಆ ವಿಚಾರಕ್ಕ.

ಬೆಳಕು ಇಳ್ಯಾಕತ್ತಾಗ ಒಂದು ಟ್ರ್ಯಾಕ್ಟರ ಬಂತು. ಹೊಡ್ಯಾಕಿ ಒಬ್ಬಾಕಿ ಮುದುಕಿ. ಬೆರಿಟ್ ಅಂತ ಹೆಸರು, ಅಲ್ಲೇ ಸನೇದಾಗ ಕುರಿ ಸಾಕಿಕೊಂಡಿದ್ದಾಕಿ. ಏನೂ ಕೇಳಲಿಲ್ಲ, ಹಗ್ಗ ಹಚ್ಚಿ ಗಾಡಿ ಎಳದು ಹಾಕಿದಳು. ಆಮ್ಯಾಲೆ ನನ್ನ ಕೈ ನೋಡಿ, “ಮನಿಗೆ ನಡಿ,” ಅಂದಳು. ಆಕಿ ಇಂಗ್ಲೀಷೂ ನನ್ನಂಗ ಮುರಕಾ ತಿರಕಾ. ಕೊಟ್ಟಿಗ್ಯಾಗ ಕುರಿ ಒತ್ತಿಕೊಂಡು ನಿಂತಿದ್ವು. ಸುಳಕೂಡದ ಹೊಲದಾಗ ಕುರುಬರ ಹಾಲಸಿದ್ದ ತಂದು ನಿಲ್ಲಸತಿದ್ದ ಕುರಿ ಹಿಂಡಿನ ವಾಸನಿ ಮೂಗಿಗೆ ಬಂತು ನೋಡು.

ಮೀನ ಬ್ಯಾಡ, ಮಾಂಸ ಬ್ಯಾಡ, ತತ್ತಿ ಬ್ಯಾಡ ಅಂದೆ. ಆಕಿ ಬಟಾಟಿ ಕುದಿಸಿ, ಬೆಣ್ಣಿ ಉಪ್ಪು ಹಾಕಿ ಮುಂದಿಟ್ಟಳು. ನೆಲದಾಗಿನ ಗಡ್ಡಿ ತಿನಬಾರದಂತ ದೀಕ್ಷಾ ಆದಾಗಿಂದ ನಮ್ಮ ಮನ್ಯಾಗ ಬಟಾಟಿ ಬಂದಿಲ್ಲ. ಹೊರಗ ಹೊತ್ತೂ ಮುಳುಗಿತ್ತು. ಒಂದ ಗಳಿಗಿ ತಾಟ ನೋಡಿದೆ. ತಿಂದೆ ಮಂಗಲಾ. ಹೊಟ್ಟಿ ತುಂಬ ತಿಂದೆ.

“ಗಂಡ ಬಂದಿಲ್ಲೇನು?” ಅಂತ ಕೇಳಿದಳು.

“ಸನ್ಯಾಸಿ ಆಗ್ಯಾರ,” ಅಂದೆ.

“ಹೆಸರೇನು?”

“ಜಿನೇಶ,” ಅಂದೆ. ಲಗ್ನ ಆದಾಗಿಂದ ಮೊದಲನೇ ಸಲ. ಅಂದ ಮ್ಯಾಲೆ ನೆನಪಾತು, ಆ ಹೆಸರಿನವರು ಈಗ ಯಾರೂ ಇಲ್ಲ.

ಪುಣ್ಯವಂತಿ ಅಂತ ಆಕಿ ಅನಲಿಲ್ಲ. ಅಯ್ಯೋ ಪಾಪ ಅಂತನೂ ಅನಲಿಲ್ಲ. “ಹಂಗಾದ್ರ ಮನ್ಯಾಗ ನೀ ಒಬ್ಬಾಕಿನ,” ಅಂದಳು, ಹೊರಗ ಗಾಳಿ ಬಿಟ್ಟೈತಿ ಅಂದಂಗ. ನಾ ಅತ್ತೆ. ದೀಕ್ಷಾದ ಮಂಟಪದಾಗ ಅಳದಾಕಿ, ನಿನ್ನ ಹೆಗಲ ಮ್ಯಾಲೆ ಅಳದಾಕಿ, ಗುರುತಿಲ್ಲದಾಕಿ ಅಡಗಿಮನ್ಯಾಗ ಹಿಕ್ಕಿ ಬರೂವಂಗ ಅತ್ತೆ. ಆಕಿ ಎದ್ದು ಹೋಗಿ ಚಹಾಕ್ಕ ನೀರಿಟ್ಟಳು.

ಮರುದಿನ ಬಾವಾರಿಗೆ ಫೋನ ಹಚ್ಚಿದೆ.

“ನಾ ವ್ರತ ತಗೊಳ್ಳೂದಿಲ್ಲರಿ. ಸ್ಟುಡಿಯೋ ಮುಚ್ಚೂದಿಲ್ಲ,” ಅಂದೆ.

“ಲೋಕ ಕಾಯ ಮ್ಹಣತೀಲ, ನೂತನ? ಮಂದಿ ಏನಂದಾರು?” ಅಂದ್ರು.

“ಅವರಿಗೆ ಬಿಡೂದು ಬಂತು, ಬಿಟ್ರು. ನನಗಿನ್ನಾ ಬಂದಿಲ್ಲರಿ. ಬಾರದ್ದನ್ನ ಮಂದಿ ಮುಂದ ಸುಳ್ಳ ಹೆಂಗ ಹೇಳಲಿ?”

“ಬಾ. ಬಂದ ಮ್ಯಾಲೆ ನೋಡೂಣ,” ಅಂದು ಇಟ್ಟುಬಿಟ್ರು. ಸಂಜೀಕ ಫೋನ ಹೊಳ್ಳಿ ಬಂತು. ನಾ ಬೈಸಿಕೊಳ್ಳಾಕ ತಯಾರಾಗಿ ಎತ್ತಿದ್ರ ಅತ್ತಿ ನಾಗೂಬಾಯಿ. ಆ ಮನ್ಯಾಗ ಆಕಿ ಗಟ್ಟಿಸಿ ಮಾತಾಡಿದ್ದ ನಾ ಕೇಳಿಲ್ಲ. “ನನಗೂ ಎಲ್ಲಾರೂ ಪುಣ್ಯವಂತಿ ಅಂತಾರವ್ವಾ,” ಅಂದಳು. “ಮಗಾ ಮಾತ್ರ ಊಟಕ್ಕ ಬರೂದಿಲ್ಲ. ನೀನೂ ಆಶ್ರಮಕ್ಕ ಹ್ವಾದ್ರ ನಾ ಯಾರ ಮಾರಿ ನೋಡಲಿ? ಹುಶಾರಿ ಬಾ. ಬಂದ ಮ್ಯಾಲೆ ನಿನ್ನ ಸಂಗಾಟ ಇಚಲಕರಂಜ್ಯಾಗ ಇರತೇನಿ.” ನಾ ‘ಹೂಂ ಅತ್ತಿ’ ಅಂದೆ.

ಹಂಗ ಆತು ನೋಡು. ಬರೂ ವಾರ ಹೊಳ್ಳಿ ಬರತೇನಿ. ಬಂದ ಮ್ಯಾಲೆ ಬ್ಯಾಸಿಗಿ ಮದುವಿ ಹಂಗಾಮ. ಕರದವರು ಕರೀಲಿ, ಬಿಟ್ಟವರು ಬಿಡಲಿ, ನಾ ಬಾಗಲಾ ತಗದು ಕುಂಡರತೇನಿ. ಗಡಹಿಂಗ್ಲಜಕ್ಕ ಬಂದಾಗ ನಿನ್ನ ಸಿಟ್ಟೆಲ್ಲಾ ತೀರಿಸಿಕೋ, ಆದ್ರ ಮೊದಲ ಬಿಸಿ ರೊಟ್ಟಿ ಹಾಕು. ಹುಡುಗೂರಿಗೆ ನನ್ನ ಆಶೀರ್ವಾದ. ಅವರು ಚಂದಂಗ ಬೆಳೀಲಿ, ನಿನ್ನ ಮನಿ ಗದ್ದಲ ಹಂಗ ಇರಲಿ. ನಿಮ್ಮ ಯಜಮಾನರಿಗೆ ನಮಸ್ಕಾರ ಹೇಳು.

ನಿನ್ನ,
ನೂತನ

ತಾ.ಕ.: ಪಾಕೀಟ ಅಂಟಸಿದ್ದೆ, ಹರದು ಮತ್ತ ಬರ್ಯಾಕತ್ತೇನಿ. ದೀಕ್ಷಾದ ದಿನ ಕೇಶಲೋಚ ಆಗೂಮುಂದಿನ ಫೋಟೋ ನಾನ ತಗದೆ. ಸಮಿತಿಯವರು ಬ್ಯಾರೇಯವರನ್ನ ಕರಸತೇವಿ ಅಂದ್ರ ನಾ ಬ್ಯಾಡ ಅಂದೆ. ಕ್ಯಾಮೆರಾಕ ಕಣ್ಣ ಹಚ್ಚಿದ್ರ ನನ್ನ ಕಣ್ಣ ಯಾರಿಗೂ ಕಾಣೂದಿಲ್ಲ ಅಂತ. ಅವರು ತಮ್ಮ ಕೂದಲಾ ತಾವ ಕೈಲೆ ಕಿತ್ತುಕೊಳ್ಳಾಕತ್ತಿದ್ರು, ನೆತ್ತಿ ಮ್ಯಾಲೆ ರಕ್ತದ ಹನಿ ಕಾಣತಿತ್ತು. ನಡುವ ಒಮ್ಮೆ ಮಾರಿ ಎತ್ತಿದ್ರು. ನನ್ನ ಕಡೆ ಅಲ್ಲ, ಯಾರ ಕಡೆನೂ ಅಲ್ಲ. ನಕ್ಕರು. ಮಂಗಲಾ, ಇಷ್ಟ ವರ್ಷ ಒಂದ ಹಾಸಿಗಿ ಮ್ಯಾಲೆ ಮಲಗಿದಾಕಿ ನಾ, ಆ ನಗಿ ಒಂದ ದಿನ ನೋಡಿದ್ದಿಲ್ಲ. ಅವರ ಹಂತ್ಯಾಕ ಅಂಥಾದೊಂದು ನಗಿ ಐತಿ ಅಂತನ ನನಗ ಗೊತ್ತಿದ್ದಿಲ್ಲ. ಆ ನಗಿ ನೋಡಿ ಆದಷ್ಟ ಸಂಕಟ, ಬಿಟ್ಟು ಹೋದದ್ದಕ್ಕ ನನಗ ಇಲ್ಲ. ನನ್ನ ಬೆರಳು ತಾನ ಒತ್ತಿತು. ಫೋಟೋ ಭಾಳ ಚಂದ ಬಂದೈತಿ.