ತಾಂಬೂಲಕ್ಕೆ ಮುಗಿಯದ ದೂರು

ಚಾಮರಾಜಪೇಟೆ
ಜುಲೈ ೩, ೨೦೨೫

ರುದ್ರೇಶನಿಗೆ ಅತ್ತೆಯ ಆಶೀರ್ವಾದ.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಯಲ್ಲಿ ಕಾಗದ ಬರೆಸುತ್ತಿದ್ದೀಯ. ನಿನ್ನ ಸೀರೆ ಅಂಗಡಿಯಲ್ಲಿ ಬಾಯಿ ತೆಗೆದರೆ "ಅತ್ತೆ, ಮೊದ್ಲು ಕಾಫಿ ಕುಡೀರಿ" ಅನ್ನುತ್ತೀಯ. ಕುಡಿದು ಸಾಕಾಯಿತು. ಈಗ ಓದು.

ಬಿಲ್ಲಿಂಗಿನ ವಾಣಿ ಮ್ಯಾನೇಜರ್ ಮೇಲೆ, ಅಂದರೆ ನಿನ್ನ ಮಾವನ ಮೇಲೆ ದೂರು ಕೊಟ್ಟಳು. ಸ್ಟಾಕ್ ನೋಡಬೇಕೆಂದು ಗೋಡೌನಿಗೆ ಕರೆದು ಸೊಂಟಕ್ಕೆ ಕೈ ಹಾಕಿದರು ಎಂದು. ನೀನೇನು ಮಾಡಿದೆ? ನೇಕಾರರ ಜೊತೆ ಜಗಳವಾದರೆ ಗಲ್ಲಾದ ಮುಂದೆ ತಾಂಬೂಲ ಕೊಟ್ಟು ಮುಗಿಸುವುದು ನಮ್ಮ ಮನೆತನದ ಪದ್ಧತಿ. ಈ ಹುಡುಗಿಗೂ ಅದನ್ನೇ ಮಾಡಿದೆ. ಎಲ್ಲರೆದುರು ಮಾವನ ಕೈಯಿಂದಲೇ ಎಲೆ ಅಡಿಕೆ ಕೊಡಿಸಿ, "ತಗೋಳಮ್ಮ, ದೊಡ್ಡೋರು, ಇಲ್ಲಿಗೆ ಬಿಟ್ಬಿಡು" ಅಂದೆ. ಮಾಲೀಕ ಎದುರಿಗೆ ನಿಂತಾಗ ಬೇಡ ಅನ್ನುವುದು ಹೇಗೆ? ತೆಗೆದುಕೊಂಡಳು. ರಾಜಿಯಾಯಿತು ಅಂದುಕೊಂಡೆ ನೀನು. ಮರುದಿನ ಅವಳನ್ನೇ ಪ್ಯಾಕಿಂಗಿಗೆ ತಳ್ಳಿದೆ.

ಸೀರೆ ಕುಚ್ಚಿನ ವಿಭಾಗದ ಹಿರಿಯಳೆಂದು ನನ್ನನ್ನು ಅಂಗಡಿಯ ಹೆಣ್ಣುಮಕ್ಕಳ ದೂರು ಸಮಿತಿಗೆ ಅಧ್ಯಕ್ಷೆ ಮಾಡಿದವನು ನೀನೇ. "ಸುಮ್ನೆ ಹೆಸರಿಗೆ ಇರಿ" ಅಂದಿದ್ದೆ. ಹೆಸರಿಗೆ ಇರುವುದು ನನಗೆ ಬಾರದು. ಸಮಿತಿಯ ಹೊರಗಿನ ಸದಸ್ಯೆ, ವಕೀಲೆ ಗೋದಾ ಹತ್ತಿರ ಹೋಗಿ ಕೇಳಿದೆ. ಕಾನೂನಿನ ಪ್ರಕಾರ ರಾಜಿ ಬೇಕೆಂದು ಕೇಳಬೇಕಾದವಳು ದೂರು ಕೊಟ್ಟವಳು, ಮಾಲೀಕನಲ್ಲ. ವಾಣಿ ಕೇಳಿಲ್ಲ. ಹಾಗಾಗಿ ವಿಚಾರಣೆ ನಡೆಯಲೇಬೇಕು. ಅವಳು ಬಯಸದೆ ಅವಳ ಜಾಗ ಬದಲಿಸುವ ಹಾಗಿಲ್ಲ, ಬಿಲ್ಲಿಂಗಿಗೆ ವಾಪಸ್ ಕರೆಸು. ಇನ್ನು ನಾನು. ಗಂಡನ ವಿಚಾರಣೆಗೆ ಹೆಂಡತಿ ಅಧ್ಯಕ್ಷೆಯಾಗಿ ಕೂರಬಾರದು. ಲೆಕ್ಕಪತ್ರದ ಶೈಲಜಮ್ಮನನ್ನು ಕೂರಿಸು.

ವಾಣಿ ಬೇಸತ್ತು ತಾನೇ ಕೆಲಸ ಬಿಟ್ಟು ಹೋಗಲಿ ಎಂದು ನೀನು ಕಾಯುತ್ತಿದ್ದೀಯ. ಗೊತ್ತು. ಅವಳ ಸಂಬಳದ ಮೇಲೆ ಒಂದು ಮನೆ ನಿಂತಿದೆ, ಹೋಗುವುದಿಲ್ಲ. ನೀನು ವಿಚಾರಣೆ ಮಾಡಿಸದಿದ್ದರೆ ಅವಳ ಜೊತೆ ಜಿಲ್ಲಾ ಸಮಿತಿಗೆ ನಾನೇ ಹೋಗುತ್ತೇನೆ.

ಇಷ್ಟೇ.
ನಿನ್ನ ಅತ್ತೆ,
ಶಿವಕುಮಾರಿ

ತಾ.ಕ.: ಊಟಕ್ಕೆ ಕೂತಾಗ ಇದನ್ನು ನಿನ್ನ ಮಾವನಿಗೆ ಓದಿ ಹೇಳಿದೆ. "ನಿಂಗೆ ತಲೆ ಕೆಟ್ಟಿದೆ" ಅಂದರು. "ಮನೆ ಮರ್ಯಾದೆ ಬೀದಿಗೆ ತಂದೆ" ಅಂದರು. ತಟ್ಟೆ ಬಿಟ್ಟು ಎದ್ದರು. "ನಾನು ಮಾಡಿಲ್ಲ" ಎಂದು ಮಾತ್ರ ಅನ್ನಲಿಲ್ಲ. ಹನ್ನೊಂದನೇ ತಾರೀಖಿನೊಳಗೆ ಉತ್ತರ ಬರೆದು ಕೊಡು.